ಕಡಲೆಹಿಟ್ಟು ಆಗದ ಕೈ

ಏನು ಹಚ್ಚಿ ತೊಳೆದರೂ ಕೈಗಳ ತುರಿಕೆ ನಿಲ್ಲುತ್ತಿರಲಿಲ್ಲ. ಕೊನೆಗೆ ಅವಳು ಊರಿಗೆ ಹೊಸದಾಗಿ ಬಂದಿದ್ದ ಬ್ಯೂಟಿ ಪಾರ್ಲರಿಗೆ ಹೋದಳು. ರವಿಕೆಯ ತುಂಬುತೋಳನ್ನು ಮಣಿಕಟ್ಟಿನ ಕೆಳಗಿನವರೆಗೂ ಎಳೆದುಕೊಂಡು ಎರಡೂ ಕೈ ಚಾಚಿದಳು.

ಪಾರ್ಲರಿನ ಹೆಂಗಸು ಬಲಗೈ ಹಿಡಿದು ಬಹಳ ಹೊತ್ತು ನೋಡಿದಳು.

“ದಿನಾ ಏನ್ ಹಚ್ತೀರಿ?”

“ಕಡ್ಲಿಹಿಟ್ಟು, ಅರಿಶಿಣ.”

“ಕಡ್ಲಿಹಿಟ್ಟು ಈ ಕೈಗೆ ಆಗಿಬರಂಗಿಲ್ರಿ. ಮುಂಜಾನೆ ಹೆಸರಹಿಟ್ಟು ಹಚ್ಚಿ ತೊಳೀರಿ. ಕೈ ಹಸಿ ಇದ್ದಾಗನ ಕೊಬ್ಬರಿ ಎಣ್ಣಿ ಹಚ್ರಿ. ಒಂದಿನಾನೂ ತಪ್ಪಸಬ್ಯಾಡ್ರಿ.”

“ಹಚ್ಚಿ ನೋಡಲಾರದ ಹೆಂಗ ಹೇಳ್ತೀರಿ?”

ಹೆಂಗಸು ಹೆಬ್ಬೆರಳ ಬುಡದಲ್ಲಿದ್ದ ಹಳೆಯ ಸುಟ್ಟ ಕಲೆಯನ್ನು ಮೆಲ್ಲಗೆ ಸವರಿದಳು.

“ಇದು?”

ಯಾರು ಕೇಳಿದರೂ ಹೇಳುವ ಸುಳ್ಳನ್ನೇ ಅವಳು ಹೇಳಿದಳು. “ಸಣ್ಣಾಕಿದ್ದಾಗ ಕುಕ್ಕರ್ ತಾಗಿತ್ತು.”

“ಅಲ್ರಿ. ರೊಟ್ಟಿ ಹಂಚು. ಆಗ ಆರು ವರ್ಷ.”

ಅವಳು ಬೆಚ್ಚಿ ಕೈ ಹಿಂದಕ್ಕೆಳೆದಳು. ರವಿಕೆಯ ತೋಳು ಸರಿದು, ಮಣಿಕಟ್ಟಿನ ಸುತ್ತ ಬಳೆಯಂತಿದ್ದ ಹೊಲಿಗೆಯ ಗುರುತು ಹೊರಬಿತ್ತು.

ಹೆಂಗಸು ಅದನ್ನು ನೋಡಿ, ಬಟ್ಟಲಿಗೆ ಹೆಸರಹಿಟ್ಟು ಹಾಕಿ ನೀರು ಬೆರೆಸತೊಡಗಿದಳು.

“ನನ್ನ ಮಗಳನ್ನ ಮಣ್ಣು ಮಾಡೂಕಿಂತ ಮೊದಲ, ಯಾರಿಗರೆ ಜೋಡಸ್ರಿ ಅಂತ, ಈ ಎರಡೂ ಕೈ ದವಾಖಾನ್ಯಾಗ ಬಿಟ್ಟು ಬಂದಿದ್ದೆ, ಯವ್ವಾ.”