ಹಗ್ಗ ಹಿಡಿಯುವವರು

ಹದಿಮೂರು ತುಂಬಿದ ಮಕ್ಕಳು ತೂಕ ಕಳೆದುಕೊಂಡು ಮೇಲೇಳುವುದೂ ಇಪ್ಪತ್ತಕ್ಕೆ ಮತ್ತೆ ನೆಲಕ್ಕಿಳಿಯುವುದೂ ಕುಂಬಾರ ಓಣಿಗೆ ಹೊಸತೇನಲ್ಲ. ಅದಕ್ಕೇ ಯುವ ಸಮಿತಿಯ ಸಭೆಯಲ್ಲಿ ಎಷ್ಟು ಸೆಕೆಯಿದ್ದರೂ ಯಾರೂ ಫ್ಯಾನ್ ಹಾಕಿರಲಿಲ್ಲ. ಅಧ್ಯಕ್ಷೆ ನೀಲಾಂಬಿಕಾಳ ಮಗಳು ಗಂಗಾ ಮಕ್ಕಳ ಪ್ರತಿನಿಧಿ. ಅವಳು ಚಾವಣಿಗೆ ಬೆನ್ನು ಹಚ್ಚಿ ಕೆಳಗಿನವರ ಮಾತು ಕೇಳುತ್ತಿದ್ದಳು. ಸೊಂಟದ ಹಗ್ಗವನ್ನು ಕಿಟಕಿಯ ಸರಳಿಗೆ ಕಟ್ಟಲಾಗಿತ್ತು.

“ಬೇಸಿಗಿ ರಜಾಕ್ಕ ಈ ಸಲಾನೂ ಒಳಗ ಕೇರಂ ಇಡೂಣು,” ಎಂದರು ಹಿರಿಯ ಸದಸ್ಯ ಶಿವಲಿಂಗಪ್ಪ. “ಹುಡುಗ್ರನ್ನ ಬಯಲಾಗ ಬಿಟ್ರ ಗಾಳಿ ಹೊತ್ಕೊಂಡು ಹೋದೀತು.”

ನೀಲಾಂಬಿಕಾ ಪಟ್ಟು ಬಿಡಲಿಲ್ಲ. “ಕೇರಂ ಆಡಿ ಆಡಿ ಇವು ಚಾವಣಿನ ಮುಗಿಲು ಅಂದ್ಕೊಂಡಾವ್ರಿ ಕಾಕಾ. ಈ ಸಲ ಬಯಲಾಗ ಆಟ. ಒಂದೊಂದು ಹಗ್ಗಕ್ಕ ಒಬ್ಬೊಬ್ಬ ದೊಡ್ಡವ್ರು.”

“ಕೈ ಜಾರಿದ್ರ?”

“ಗಾಳಿಪಟ ಹಾರಿಸೂದ್ರಾಗ ಓಣಿಗೇ ಹೆಸರಾದವ್ರು ನೀವು. ಹಿಡೀರಿ.” ಅವಳು ಮಗಳ ಹಗ್ಗ ಬಿಚ್ಚಿ ಅವರ ಕೈಗಿಟ್ಟಳು.

ಬಯಲಿಗೆ ಬಂದದ್ದೇ ಗಂಗಾ ಬೇವಿನ ಮರದೆತ್ತರಕ್ಕೆ ಏರಿದಳು. ಶಿವಲಿಂಗಪ್ಪ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ನಿಂತೇಬಿಟ್ಟರು.

“ಅಜ್ಜಾ, ಸಡಲ ಬಿಡ್ರಿ!” ಮೇಲಿಂದ ಕೂಗು ಬಂತು.

ಅವರು ನೀಲಾಂಬಿಕಾಳ ಮುಖ ನೋಡಿದರು.

ಅವಳು ಬೆನ್ನ ಹಿಂದೆ ತನ್ನೆರಡೂ ಕೈಗಳನ್ನು ಬಿಗಿಯಾಗಿ ಹೆಣೆದುಕೊಂಡು, “ಬಿಡ್ರಿ ಕಾಕಾ,” ಎಂದಳು. “ಇನ್ನಷ್ಟು ಬಿಡ್ರಿ.”