ಕಿವಿಗೆ ರಜೆ

ಒಳಕೋಣೆಯಲ್ಲಿ ಮಗು ಅತ್ತಿತು. ಅಜ್ಜಿ ಹೆಚ್ಚುತ್ತಿದ್ದ ಈರುಳ್ಳಿಯನ್ನು ಹಾಗೇ ಬಿಟ್ಟು, ಕೈ ಒರೆಸಿಕೊಳ್ಳುತ್ತಾ ಓಡಿದಳು. ಬಾಗಿಲಿಗೆ ಬರುವಷ್ಟರಲ್ಲಿ ತೊಟ್ಟಿಲು ಖಾಲಿ. ಮಗಳು ಆಗಲೇ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರದ ಹತ್ತಿರ ಹಳದಿ ದೀಪ ಇನ್ನೂ ಮಿಣುಕುತ್ತಿತ್ತು.

ಮಗಳಿಗೆ ಹುಟ್ಟಿನಿಂದಲೇ ಕಿವಿ ಕೇಳದು. ಅಳಿಯನಿಗೂ ಅಷ್ಟೇ. ಮನೆಯಲ್ಲಿ ಮಾತೆಲ್ಲ ಕೈಸನ್ನೆಯಲ್ಲೇ. ಮಗು ಅತ್ತರೆ ಕೇಳಿಸಿಕೊಳ್ಳಲು ಒಬ್ಬರು ಬೇಕಲ್ಲ ಎಂದೇ ಅಜ್ಜಿ ಗಂಟುಮೂಟೆ ಕಟ್ಟಿಕೊಂಡು ಬಂದಿದ್ದಳು. ಅಷ್ಟರಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅಳಿಯ, ಯಾರಿಗೂ ಬೇಡವಾದ ಹಳೆಯ ಕಂಪ್ಯೂಟರೊಂದನ್ನು ತಂದು ಅಡುಗೆಮನೆಯ ಕಪಾಟಿನ ಮೇಲೆ ಕೂರಿಸಿದ. ಅದರ ಪರದೆಯ ಮೇಲೆ ಬರೀ ಚೌಕಗಳು, ಚೌಕದಿಂದ ಚೌಕಕ್ಕೆ ಗೆರೆಗಳು. ಇದಾದರೆ ಅದನ್ನು ಮಾಡು ಎಂದು ಒಮ್ಮೆ ಗೆರೆ ಎಳೆದುಕೊಟ್ಟರೆ ಮುಗಿಯಿತು. ಮಗು ಅತ್ತರೆ ಹಳದಿ ದೀಪ. ಬಾಗಿಲ ಗಂಟೆ ಒತ್ತಿದರೆ ಹಸಿರು. ಮಗಳು ಹೊಲಿದು ಮುಗಿಸಿ ಫೋನಿನಲ್ಲಿ ಒಂದು ಗುರುತು ಹಾಕಿದರೆ "ನಿಮ್ಮ ಬಟ್ಟೆ ರೆಡಿ" ಎಂಬ ಮೆಸೇಜು ಗಿರಾಕಿಗೆ ತಾನೇ ಹೋಗುತ್ತಿತ್ತು.

"ಇಂಥದ್ದನ್ನ ಮಾಡಿಕೊಡೋ ಕಂಪನಿಗಳೇ ಇವೆಯಂತಲ್ಲ?" ಎಂದು ಅಜ್ಜಿ ಕೇಳಿದ್ದಳು.

"ಇವೆ ಅತ್ತೆ. ಆದ್ರೆ ನಮ್ಮ ಮಗು ಅಳೋದನ್ನ ಯಾರದೋ ಕಂಪ್ಯೂಟರ್ ಯಾಕೆ ಕೇಳಬೇಕು? ಇದು ನಮ್ಮನೇದು. ಕೇಳಿದ್ದು ಈ ಗೋಡೆ ದಾಟಲ್ಲ. ಇಂಟರ್ನೆಟ್ ಹೋದ್ರೂ ದೀಪ ಹತ್ತುತ್ತೆ."

ಅಜ್ಜಿ ತಲೆಯಾಡಿಸಿದ್ದಳು. ಆದರೂ ಮಗು ಅತ್ತಾಗೆಲ್ಲ ದೀಪದ ಜೊತೆ ಪೈಪೋಟಿಗೆ ಬಿದ್ದವಳಂತೆ ಓಡುತ್ತಿದ್ದಳು. ಇವತ್ತು ಖಾಲಿ ತೊಟ್ಟಿಲು ನೋಡಿದ ಮೇಲೆ ತಡೆಯಲಾಗಲಿಲ್ಲ. ಮಗಳು ಮಗುವನ್ನು ಮಲಗಿಸಿ ಹೊಲಿಗೆಗೆ ಕೂತದ್ದೇ ತಡ, ಅಡುಗೆಮನೆಗೆ ಹೋಗಿ ಧೂಳು ಒರೆಸುವ ನೆಪದಲ್ಲಿ ಕಂಪ್ಯೂಟರಿನ ವೈರು ಕಿತ್ತಳು.

ಮಗು ಮತ್ತೆ ಎದ್ದು ಅತ್ತಿತು. ದೀಪ ಹತ್ತಲಿಲ್ಲ. ಅಜ್ಜಿ ಹೋಗಿ ಎತ್ತಿಕೊಂಡು, "ನೋಡ್ದ್ಯಾ, ಕೊನೆಗೆ ನಾನೇ ಬರಬೇಕಾಯ್ತು" ಎಂದು ಮುದ್ದು ಮಾಡಿದಳು. ತಿರುಗಿದರೆ ಬಾಗಿಲಲ್ಲಿ ಮಗಳು. ಮಗುವಿನ ಒದ್ದೆ ಕೆನ್ನೆ ನೋಡಿದಳು, ಆರಿದ ದೀಪ ನೋಡಿದಳು, ಅಡುಗೆಮನೆಗೆ ಹೋಗಿ ಬಂದಳು.

"ವೈರು ಕಿತ್ತಿದ್ದು ನೀನಾ?"

ಮಗು ಹಿಡಿದಿದ್ದರಿಂದ ಅಜ್ಜಿಗೆ ಮಾತಾಡಲು ಉಳಿದದ್ದು ಒಂದೇ ಕೈ. "ಹೌದು. ಅದೇ ಎಲ್ಲ ಕೇಳಿಸಿಕೊಂಡ್ರೆ ನಾನ್ಯಾಕೆ ಇಲ್ಲಿರಬೇಕು? ನಾಳೆ ಬೆಳಿಗ್ಗೆ ಹೊರಟುಬಿಡ್ತೀನಿ."

ಮಗಳು ಮಗುವನ್ನು ಇಸಿದುಕೊಂಡು ತೊಟ್ಟಿಲಿಗೆ ಹಾಕಿದಳು. ಈ ಮಾತಿಗೆ ಅವಳಿಗೆ ಎರಡೂ ಕೈ ಬೇಕಿತ್ತು.

"ಅಮ್ಮಾ, ನಾನು ಹುಟ್ಟಿದಾಗಿಂದ ನಿನ್ನ ಕಿವಿ ಇಬ್ಬರಿಗೆ ದುಡಿದಿದೆ. ಬಾಗಿಲು ನೀನೇ ಕೇಳಬೇಕು, ಹಿಂದಿನಿಂದ ಬರೋ ಗಾಡಿ ನೀನೇ ಕೇಳಬೇಕು. ನೀನು ಮೈಮರೆತು ನಿದ್ದೆ ಮಾಡಿದ್ದನ್ನ ನಾನು ನೋಡೇ ಇಲ್ಲ. ಈ ದೀಪ ಮಾಡಿ ಅಂತ ಇವರ ಬೆನ್ನು ಹತ್ತಿದ್ದೇ ನಾನು. ನಿನ್ನ ಕಿವಿಗೂ ರಜೆ ಬೇಡ್ವಾ?"

ಅಜ್ಜಿ ತಾನೇ ಅಡುಗೆಮನೆಗೆ ಹೋಗಿ ವೈರು ಸಿಕ್ಕಿಸಿದಳು.

ಸಂಜೆ ಅಳಿಯನಿಗೆ ಎಲ್ಲ ಗೊತ್ತಾಯಿತು. ಅವನು ಸಿಟ್ಟಾಗುತ್ತಾನೆಂದು ಅಜ್ಜಿ ಮುದುಡಿ ಕೂತಿದ್ದರೆ, ಅವನು ಎದುರಿಗೆ ಕುರ್ಚಿ ಎಳೆದುಕೊಂಡು ಕೂತ. "ನಂದೇ ತಪ್ಪು ಅತ್ತೆ, ನಿಮ್ಮನ್ನ ಒಂದು ಮಾತು ಕೇಳಲಿಲ್ಲ. ಹೇಳಿ, ಅದರಿಂದ ನಿಮಗೇನು ಕೆಲಸ ಆಗಬೇಕು?"

ಅಜ್ಜಿ ಯೋಚಿಸಿದಳು. "ನನಗೆ ಇವಳನ್ನ ಕರೀಬೇಕು."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಕೂತಲ್ಲಿಂದ, ಬಾಯಲ್ಲಿ. ಬೇರೆಯವರು ಮಕ್ಕಳನ್ನ ಕರೀತಾರಲ್ಲ, ಹಾಗೆ. ಇವಳನ್ನ ಕರೀಬೇಕು ಅಂದ್ರೆ ಯಾವಾಗಲೂ ಹೋಗಿ ಹೆಗಲು ಮುಟ್ಟಬೇಕಿತ್ತು."

ಅಳಿಯ ಮೈಕು ತಂದು ಮುಂದಿಟ್ಟ. "ಪುಟ್ಟಿ" ಎಂದಳು ಅಜ್ಜಿ, ಪರರ ಮನೆಯಲ್ಲಿ ನೀರು ಕೇಳುವವಳ ಹಾಗೆ. ಪರದೆಯ ಮೇಲೆ ಇರುವೆ ಸಾಲಿನಂಥ ಒಂದು ಗೆರೆ ಹರಿಯಿತು. ಅವನು ಅದನ್ನು ನೋಡಿ ಕೈಯಾಡಿಸಿದ. "ಸಾಲದು ಅತ್ತೆ. ಬೀದಿ ಕೊನೇಲಿ ಆಡ್ತಿರೋ ಮಗೂನ ಊಟಕ್ಕೆ ಕರೀರಿ." ಅವಳು ಮತ್ತೆ ಮತ್ತೆ ಕರೆದಳು. ಗೆರೆ ಎದ್ದು ಗುಡ್ಡವಾಯಿತು. ಕಿವಿ ಕೇಳದ ಅಳಿಯ ಆ ಗುಡ್ಡಗಳಲ್ಲಿ ಒಳ್ಳೆಯವುಗಳನ್ನು ಆರಿಸಿ, ಚೌಕದಲ್ಲಿಟ್ಟು, ಹೊಲಿಗೆ ಯಂತ್ರದ ಬಳಿ ಹೊಸದಾಗಿ ಇಟ್ಟ ಒಂದು ನೀಲಿ ದೀಪಕ್ಕೆ ಗೆರೆ ಎಳೆದ.

ಮರುದಿನ ಊಟವಾದ ಮೇಲೆ ಅಜ್ಜಿ ಕಿಟಕಿಯ ಬಳಿ ಕೂತಳು. ಒಳಗೆ ಹೊಲಿಗೆ ಯಂತ್ರ ಸದ್ದು ಮಾಡುತ್ತಿತ್ತು. ಅವಳು ಗಂಟಲು ಸರಿಮಾಡಿಕೊಂಡಳು.

"ಪುಟ್ಟೀ!"

ಯಂತ್ರ ನಿಂತಿತು. ಕೊರಳಲ್ಲಿ ಟೇಪು, ತುಟಿಗಳ ನಡುವೆ ಗುಂಡುಸೂಜಿಗಳು, ಮಗಳು ಬಾಗಿಲಲ್ಲಿ ಬಂದು ನಿಂತಳು. "ಏನಮ್ಮಾ, ಕರೆದ್ಯಾ?"

"ಏನಿಲ್ಲ, ಸುಮ್ನೆ" ಎಂದಳು ಅಜ್ಜಿ. ಮಗಳು ಸೂಜಿ ಕಚ್ಚಿಕೊಂಡೇ ನಕ್ಕು ಒಳಗೆ ಹೋದಳು.

ಯಂತ್ರದ ಸದ್ದು ಮತ್ತೆ ಶುರುವಾಯಿತು. ಅದು ಹದಕ್ಕೆ ಬರುವವರೆಗೆ ಮಾತ್ರ ಅಜ್ಜಿ ತಡೆದಳು. ಆಮೇಲೆ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು, "ಪುಟ್ಟೀ!"