ವಿಶ್ರಾಂತಿಯ ಗುಂಡಿ

ಮಗಳು ಹಾಸಿಗೆ ಹಿಡಿದ ಅಜ್ಜಿಯ ಬೆನ್ನಿನಡಿ ಎರಡೂ ಕೈ ತೂರಿಸಿ ಮಗ್ಗುಲು ಹೊರಳಿಸುತ್ತಿದ್ದಾಗಲೇ ಫೋನು ಕೂಗಿತು. ಹುಡುಗ ಹುಡುಗಿಯರು ಹೊತ್ತು ಹೇಗೆ ಕಳೆಯುತ್ತಾರೆಂದು ತಿಳಿಯಲು ಕಾಲೇಜಿಗೆ ಬಂದ ಸರ್ವೆಯವರು ಹಾಕಿಕೊಟ್ಟಿದ್ದ ಆ್ಯಪ್ ಅದು. ಅದು ಕೂಗಿದಾಗ ಏನು ಮಾಡುತ್ತಿದ್ದೀರೋ ಅದರ ಗುಂಡಿ ಒತ್ತಬೇಕು.

ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೆ ಬೆಳಗ್ಗೆ ಆ ಆ್ಯಪಿನಲ್ಲಿ ಬಂದ ವಾರದ ವರದಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ. "ವಾರವೆಲ್ಲ ವಿಶ್ರಾಂತಿಯಂತೆ! ಕುಂಭಕರ್ಣನ ತಂಗಿ! ನಿನ್ನನ್ನ ಮುಂದೆ ಓದಿಸೋದೂ ಒಂದೇ, ಹೊಳೇಲಿ ಹುಣಸೆಹಣ್ಣು ತೊಳೆಯೋದೂ ಒಂದೇ. ಈ ವರ್ಷಕ್ಕೆ ಸಾಕು, ಬಿಟ್ಟುಬಿಡು."

"ಕೈ ಬಿಡೋ ಹಾಗಿಲ್ಲ ಅಪ್ಪಾ. ಇದೊಂದು ಸಲ ನೀನೇ ಒತ್ತು."

ಅಪ್ಪ ಫೋನು ಎತ್ತಿಕೊಂಡ. ಓದು, ಆಟ, ಗೆಳೆಯರು, ಮೊಬೈಲು, ವಿಶ್ರಾಂತಿ. ಬೆರಳು ಕೆಳಗಿಳಿಯಿತು, ಮತ್ತೆ ಮೇಲೆ ಹತ್ತಿತು. "ಇದರಲ್ಲಿ ಯಾವುದು ಒತ್ತಲಿ?"

"ಮನೇಲಿ ಬೇರೇನೇ ಮಾಡ್ತಿದ್ರೂ ವಿಶ್ರಾಂತಿ ಅಂತ ಒತ್ತು ಅಂದಿದ್ದಾರೆ."

ಅವಳ ಹಣೆಯ ಬೆವರು ಅಜ್ಜಿಯ ಭುಜದ ಮೇಲೆ ತೊಟ್ಟಿಕ್ಕಿತು. ಅಪ್ಪನ ಬೆರಳು ಗಾಜಿಗೆ ತಾಗದೆ ಹಾಗೇ ನಿಂತಿತು.

"ಅದನ್ನ ಅತ್ತ ಇಟ್ಟು ಬಂದು ನನ್ನ ಕಾಲು ಹಿಡ್ಕೊಳೋ," ಎಂದಳು ಅಜ್ಜಿ, "ನಿನ್ನ ಮಗಳು ಒಬ್ಬಳೇ ಎಷ್ಟು ಅಂತ ವಿಶ್ರಾಂತಿ ಮಾಡ್ತಾಳೆ!"